ತೌಡಿಗೆ ಮಾರಿದ ಮಗಳ ಪಾಸ್‌ಬುಕ್ಕು

ಬಂಗಾರಪೇಟೆಯ ಅಂಚೆ ಕಚೇರಿಯಲ್ಲಿ ನನ್ನ ಹೆಂಡತಿ ಆಡಿದ ಮಾತು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಪೋಸ್ಟ್ ಮಾಸ್ಟರಿಗೆ, "ಈ ಕೂಸು ನಂದಲ್ಲ ಸ್ವಾಮಿ" ಎಂದುಬಿಟ್ಟಳು.

ನಾನಾಗ ನಂದಿದುರ್ಗ ಎಂಬ ಹೆಸರಿನ ಚಿನ್ನದ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡುತ್ತಿದ್ದೆ. ಕೆಳಗೆ ಬಂಡೆ ಸಿಡಿದರೆ ಮೇಲೆ ನಾವು ಕೂಲಿಗಳಿದ್ದ ಲೈನ್ ಮನೆಗಳಲ್ಲಿ ಪಾತ್ರೆಗಳು ಅದುರುತ್ತಿದ್ದವು. ಹೆಂಗಸರು ಮಾಡುವ ಕೆಲಸ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದರು. ಇಳಿದವನು ಮೇಲೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬೂದಿಕೋಟೆ ಕಡೆ ಹೊಲ ಮಾಡಿಕೊಂಡಿದ್ದ ನನ್ನ ಅಣ್ಣಂದಿರೋ, ನಾನು ಸತ್ತರೆ ಹೆಣ ಎತ್ತುವ ಮೊದಲೇ ಪೆಟ್ಟಿಗೆ ಎತ್ತುವ ಜನ. ಅದಕ್ಕೇ ಕೂಡಿಟ್ಟದ್ದನ್ನು ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಇಡಬೇಕು, ತಾಯಿ ಎಂದು ಇವಳು ಹೆಬ್ಬೆಟ್ಟು ಒತ್ತಬೇಕು, ನಾನು ಇಲ್ಲದಿದ್ದರೆ ಮಗುವಿಗಾಗಿ ಇವಳೇ ತೆಗೆಯಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಲೈನಿನ ಹತ್ತಿರದ ಅಂಚೆ ಕಚೇರಿಯಲ್ಲಿ ಇಟ್ಟರೆ ಸಂಜೆಗೆ ಹೆಂಡದಂಗಡಿಗೂ ಮಾರನೇ ದಿನ ಬೂದಿಕೋಟೆಗೂ ಸುದ್ದಿ ಮುಟ್ಟುತ್ತದೆಂದು, ಒಂದು ದಿನದ ಕೂಲಿ ಬಿಟ್ಟು ಇಬ್ಬರನ್ನೂ ರೈಲು ಹತ್ತಿಸಿಕೊಂಡು ಬಂಗಾರಪೇಟೆಗೆ ಹೋದದ್ದು.

ಇವಳು ಹಾಗೆಂದದ್ದಕ್ಕೆ ಕಾರಣ ನನಗೆ ಗೊತ್ತಿರಲಿಲ್ಲವೆಂದಲ್ಲ. ಈ ಮಗಳಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ ನನ್ನ ಹೆಂಡತಿ ಅದನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲೆ ಇಟ್ಟು, ಪಕ್ಕದ ಮನೆಯ ತಮಿಳು ಮುದುಕಿಗೆ ಒಂದು ಪಾವು ತೌಡಿಗೆ ಮಾರಿದಳು. ಸಾವಿನ ಕಣ್ಣಿಗೆ ಕೂಸು ಬೇರೆಯವರದಾಗಿ ಕಾಣಲೆಂದು ಲೈನಿನಲ್ಲಿ ಮಕ್ಕಳು ನಿಲ್ಲದ ಮನೆಯವರೆಲ್ಲ ಮಾಡುತ್ತಿದ್ದುದೇ ಅದು. ಕೂಸು ಮುದುಕಿಯದು, ಸಾಕುವ ಕೆಲಸ ಮಾತ್ರ ನಮ್ಮದು. ಐದು ತುಂಬಿ, ಕಾಮಸಮುದ್ರದ ಹತ್ತಿರದ ಮನೆದೇವರಿಗೆ ಮುಡಿ ಕೊಟ್ಟು, ತೌಡು ಹಿಂದಿರುಗಿಸುವ ತನಕ "ನನ್ನ ಮಗಳು" ಎಂದು ಬಾಯಿ ಬಿಡುವಂತಿಲ್ಲ. ಮಗು ಮುದುಕಿಯನ್ನು ಅಮ್ಮ ಎನ್ನುತ್ತಿತ್ತು, ಹೆತ್ತವಳನ್ನು ಅಕ್ಕ, ನನ್ನನ್ನು ಅಣ್ಣ. ಒಂದು ಪಾವು ತೌಡಿನ ಮಾತು ತಾನೇ ಎಂದು ನಾನು ಸುಮ್ಮನಿದ್ದೆ. ಆ ತೌಡು ಅಂಚೆ ಕಚೇರಿಯವರೆಗೂ ಹಿಂದೆಯೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಪೋಸ್ಟ್ ಮಾಸ್ಟರು ಒಳ್ಳೆಯವರೇ. ತಾವೇ ಕಾಗದ ತುಂಬಿ, "ತಾಯಿ ಅಂತ ಬರೆದಿದ್ದೀನಿ, ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಎಂದರು. ಮಸಿ ಹಚ್ಚಿಸಿಕೊಂಡ ಬೆರಳನ್ನು ಹೆಂಡತಿ ಸರಕ್ಕನೆ ಹಿಂದಕ್ಕೆ ಎಳೆದುಕೊಂಡು ಆ ಮಾತು ಆಡಿದಳು.

"ಇವ್ಳಿಗೆ ತಲೆ ಕೆಟ್ಟದೆ ಸ್ವಾಮಿ, ಇವ್ಳದೇ ಕೂಸು" ಎಂದೆ ನಾನು.

ಅವರು ಕನ್ನಡಕದ ಮೇಲಿನಿಂದ ಮಗುವನ್ನು ನೋಡಿ, "ನೀನೇ ಹೇಳಮ್ಮ, ಯಾರ ಮಗಳು ನೀನು?" ಎಂದರು.

"ಪಕ್ಕದ್ ಮನೆ ಅಮ್ಮನ್ ಮಗ್ಳು" ಎಂದಳು ನನ್ನ ಮಗಳು, ಪಾಠ ಒಪ್ಪಿಸಿದ ಹಾಗೆ.

ಪೋಸ್ಟ್ ಮಾಸ್ಟರು ಲೇಖನಿ ಕೆಳಗಿಟ್ಟರು. "ಯಾರ ಮಗೂನೋ ಎತ್ಕೊಂಡು ಬಂದಿದ್ದೀಯೇನಯ್ಯಾ? ತಾಯಿ ಅಲ್ಲ ಅಂತ ಅವಳೇ ಹೇಳ್ತಿರುವಾಗ ನಾನು ಹೇಗೆ ಬರೆಯಲಿ?" ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಹಿಂದೆ ನಿಂತಿದ್ದವರೆಲ್ಲ ಮಕ್ಕಳ ಕಳ್ಳನನ್ನು ನೋಡುವಂತೆ ನನ್ನನ್ನೇ ನೋಡುತ್ತಿದ್ದರು. ಹೆಂಡತಿಯನ್ನು ಮೂಲೆಗೆ ಕರೆದೆ.

"ಬರೀ ಕಾಗ್ದ ಕಣೇ. ಒತ್ತು, ಓಗಾನ."

"ಕಾಗ್ದ ಅಂದ್ರೆ ಸರ್ಕಾರಕ್ಕೇ ಏಳ್ದಂಗೆ. ಸರ್ಕಾರಕ್ಕೆ ಗೊತ್ತಾದ್ಮೇಲೆ ಅವ್ನಿಗೆ ಗೊತ್ತಾಗಾಕಿಲ್ವ?"

ಅವನು ಎಂದರೆ ಯಮ. ಅವನ ಹೆಸರನ್ನೂ ಅವಳು ಎತ್ತುತ್ತಿರಲಿಲ್ಲ. ಅದು ಸಾಲದೆಂದು ಒಂದು ಉಪಾಯ ಬೇರೆ ಹೇಳಿದಳು: "ಬೇಕಾದ್ರೆ ಮುದುಕಮ್ಮನ್ನೇ ಕರ್ಕೊಂಡ್ ಬರಾನ. ಅವ್ರೇ ಒತ್ತಲಿ."

ನಾನು ಹಣೆ ಹಣೆ ಚಚ್ಚಿಕೊಂಡೆ. ಅಣ್ಣಂದಿರ ಕೈಗೆ ಸಿಗಬಾರದೆಂದು ಇಷ್ಟು ದೂರ ಬಂದರೆ, ಇವಳು ಪಕ್ಕದ ಮನೆಗೆ ಬರೆದುಕೊಡಲು ಹೊರಟಿದ್ದಳು.

ರೈಲು ನಿಲ್ದಾಣದಲ್ಲಿ ನನ್ನ ಸಿಟ್ಟು ಬಾಯಿಗೆ ಬಂತು. "ನಾಳೆ ನನ್ ಮೇಲೆ ಬಂಡೆ ಬಿದ್ರೆ ಏನ್ ಮಾಡ್ತೀಯಾ? ಇದ್ನ ಎಂಗೆ ಸಾಕ್ತೀಯಾ?"

"ತಲೆ ಮೇಲೆ ಕಲ್ಲು ಒತ್ತಾದ್ರೂ ಸಾಕ್ತೀನಿ. ಕೂಸೇ ಇಲ್ದಿದ್ರೆ ನಿನ್ ದುಡ್ಡು ಕಟ್ಕೊಂಡು ಏನ್ ಮಾಡ್ಲಿ?"

ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಆಮೇಲೆ ಒಂದು ವರ್ಷಕ್ಕೂ ಮೇಲೆ ಪಾಳಿಗೆ ಇಳಿಯುವಾಗಲೆಲ್ಲ ರಾಗಿ ಡಬ್ಬಿಯೊಳಗೆ ಬಚ್ಚಿಟ್ಟ ದುಡ್ಡಿನ ಗಂಟೇ ಕಣ್ಣ ಮುಂದೆ ಬರುತ್ತಿತ್ತು. ಅದು ಅಣ್ಣಂದಿರಿಗೆ ಸಿಕ್ಕುವುದಕ್ಕೆ ಗಣಿಯ ಯಾವುದೋ ಮೂಲೆಯಲ್ಲಿ ಒಂದು ಬಂಡೆ ಸಿಡಿದರೆ ಸಾಕಿತ್ತು. ನನಗೆ ಭಯ. ಅವಳಿಗೂ ಭಯ. ಆದರೆ ಒಬ್ಬರ ಭಯ ಇನ್ನೊಬ್ಬರಿಗೆ ಹುಚ್ಚಾಗಿ ಕಾಣುತ್ತಿತ್ತು.

ಕೊನೆಗೆ ಮಗಳಿಗೆ ಐದು ತುಂಬಿತು. ಮುಡಿ ಕೊಟ್ಟೆವು. ಮುದುಕಿಗೆ ಒಂದು ಪಾವು ತೌಡು ಅಳೆದುಕೊಟ್ಟದ್ದೂ ಆಯಿತು. ಮಗು ಹೊರಗೆ ಆಡುತ್ತಿತ್ತು, ಅದಕ್ಕೆ ಯಾರೂ ಏನನ್ನೂ ಹೇಳಲಿಲ್ಲ. ಹೇಳಬೇಕೆಂದು ನಮಗೆ ತೋಚಲೇ ಇಲ್ಲ. ಮರುವಾರವೇ ಮತ್ತೆ ಬಂಗಾರಪೇಟೆಗೆ ಹೋದೆವು.

ಅದೇ ಪೋಸ್ಟ್ ಮಾಸ್ಟರು. ನಮ್ಮನ್ನು ಮರೆತಿರಲಿಲ್ಲ. "ಈ ಸಲ ಯಾರ ಮಗುವಮ್ಮಾ?" ಎಂದು ನಕ್ಕರು.

"ನಂದು ಸ್ವಾಮಿ! ನನ್ ಒಟ್ಟೇಲಿ ಉಟ್ಟಿದ್ದು! ನನ್ ಮಗ್ಳು!"

ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೆಬ್ಬೆಟ್ಟನ್ನು ಕಾಗದ ಹರಿಯುವ ಹಾಗೆ ಒತ್ತಿದಳು. ನಾನು ಗಂಟು ಬಿಚ್ಚಿ ದುಡ್ಡು ಎಣಿಸಿ ಕೊಟ್ಟೆ, ಅವರು ಪಾಸ್‌ಬುಕ್ಕು ಕೊಟ್ಟರು. ಇದನ್ನೇ ಅಂದು ಮಾಡಿದ್ದರೆ ಏನಾಗುತ್ತಿತ್ತು ಎಂದು ಗೊಣಗಿಕೊಂಡರೂ ಎದೆಯ ಮೇಲಿನ ಭಾರ ಇಳಿದಿತ್ತು.

ವಾಪಸು ಬರುವಾಗ ರೈಲಿನಲ್ಲಿ ಹೆಂಡತಿ ಮಗಳನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಬೋಳು ತಲೆ ಸವರುತ್ತ, "ನನ್ ಮಗ್ಳು, ನನ್ ಮಗ್ಳು" ಎನ್ನುತ್ತಲೇ ಇದ್ದಳು. ಮಗು ಮೈ ಬಿಗಿಹಿಡಿದು ಕೂತಿತ್ತು. ಹಸಿವಿರಬೇಕೆಂದು ನಾನು ಕಡಲೆಕಾಯಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಊರು ಹತ್ತಿರ ಬಂದಾಗ ತಲೆ ಎತ್ತಿ ಹೆಂಡತಿಯ ಮುಖ ನೋಡಿತು.

"ಅಕ್ಕಾ, ಅಣ್ಣ ದುಡ್ಡು ಕೊಟ್ಟಿದ್ದು ನಾನ್ ನೋಡ್ದೆ" ಎಂದಿತು. "ಅಮ್ಮ ನನ್ನ ನಿಂಗೆ ಮಾರ್ಬುಟ್ಳಾ?"