ಶನಿವಾರದವರ ಮನೆಗೆ ಬಂದ ಮೌಶಿ

ಶಿರಗುಪ್ಪಿಯಲ್ಲಿ ನಮ್ಮ ಮನೆಯನ್ನು ಯಾರಾದರೂ ಕೇಳಿಕೊಂಡು ಬಂದರೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು, "ಶನಿವಾರದವರ ಮನಿ ಏನ್ರಿ? ಹಿಂಗ ಕಬ್ಬಿನ ಹೊಲದ ಗುಂಟ ಹೋಗ್ರಿ" ಎನ್ನುತ್ತಾನೆ. ನಾವು ಯೆಹೂದಿಗಳು. ಆ ಶಬ್ದ ಇಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಮೊದಮೊದಲು ಕೆಲವರು ನಮ್ಮನ್ನು ಕ್ರಿಶ್ಚಿಯನ್ನರೆಂದರು, ಕೆಲವರು ಮುಸಲ್ಮಾನರೆಂದರು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ನಾನು ದೀಪ ಹಚ್ಚುವುದನ್ನೂ, ಶನಿವಾರ ಇಡೀ ದಿನ ನಮ್ಮ ಹೊಲಿಗೆ ಯಂತ್ರ ಸದ್ದು ಮಾಡದಿರುವುದನ್ನೂ ನೋಡಿ ಕಡೆಗೆ ಶನಿವಾರದವರು ಎಂದು ಹೆಸರಿಟ್ಟು ಸುಮ್ಮನಾದರು.

ನಮ್ಮ ಹಿರಿಯರು ಕೊಂಕಣದ ಕರಾವಳಿಯವರು, ಎಣ್ಣೆ ಗಾಣದವರು. ಮನೆಮಾತು ಮರಾಠಿ. ಅಪ್ಪ ರೇಲ್ವೆಯಲ್ಲಿದ್ದರು. ರಾಯಬಾಗ ಸ್ಟೇಶನ್ನಿಗೆ ಬದಲಿಯಾಗಿ ಬಂದವರು ಅಲ್ಲೇ ಉಳಿದರು. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿದೆ. ನನ್ನ ಗಂಡ ಪುಣೆಯವರು. ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್ ಕೆಲಸ ಸಿಕ್ಕಿತೆಂದು ಮದುವೆಯಾದ ಮೇಲೆ ಈ ಕಡೆ ಬಂದರು. ನಾನು ಮನೆಯಲ್ಲಿ ಕುಪ್ಪಸ ಹೊಲಿಯುತ್ತೇನೆ. ನಮಗೆ ಒಬ್ಬನೇ ಮಗ.

ಅವನಿಗೆ ಆಟಿಸಂ ಎಂದು ಮಿರಜದ ಡಾಕ್ಟರು ಹೇಳಿದಾಗ ಅವನಿನ್ನೂ ಚಿಕ್ಕವನು. ಈಗಲೂ ಅವನು ಆಡುವ ಮಾತು ಕಡಿಮೆ. ಹಸಿವಾದರೆ ತಾಟು ತಂದು ನನ್ನ ಮುಂದೆ ಇಡುತ್ತಾನೆ, ಸಂತೋಷವಾದರೆ ಮೂಗಿನಲ್ಲೇ ಒಂದು ರಾಗ ಎಳೆಯುತ್ತಾನೆ. ಕಬ್ಬಿನ ಟ್ರ್ಯಾಕ್ಟರುಗಳು ಸ್ಪೀಕರ್ ಹಚ್ಚಿಕೊಂಡು ಓಣಿಯಲ್ಲಿ ಹಾಯ್ದರೆ ಕಿವಿ ಮುಚ್ಚಿಕೊಂಡು ಹಾಸಿಗೆಯ ಸಂದಿ ಸೇರುತ್ತಾನೆ. ಹರಿಯುವ ನೀರು ಎಂದರೆ ಪ್ರಾಣ. ಪಕ್ಕದ ಹೊಲದಲ್ಲಿ ಪಂಪು ಚಾಲೂ ಆದದ್ದು ನಮಗಿಂತ ಮೊದಲು ಅವನಿಗೇ ಕೇಳಿಸುತ್ತದೆ. ಓಡಿ ಹೋಗಿ ಕಾಲುವೆಯ ಬದಿಗೆ ಕೂತನೆಂದರೆ ನೀರು ನಿಲ್ಲುವವರೆಗೆ ಏಳುವುದಿಲ್ಲ.

ನಮ್ಮಲ್ಲಿ ಗಂಡುಹುಡುಗನಿಗೆ ಹದಿಮೂರು ತುಂಬಿದರೆ ಅವನು ದೊಡ್ಡವನಾದಂತೆ. ಪ್ರಾರ್ಥನಾ ಮಂದಿರದಲ್ಲಿ ಧರ್ಮಗ್ರಂಥದ ಸುರುಳಿಯ ಮುಂದೆ ನಿಂತು ಓದಬೇಕು. ನಮ್ಮವನಿಗೆ ಓದು ದೂರದ ಮಾತು ಎಂದು ನಮಗೆ ಗೊತ್ತಿತ್ತು. ಆದರೂ ಆ ವಯಸ್ಸು ಹತ್ತಿರ ಬಂದಂತೆ ಮನೆಯವರಿಗೆ ಒಳಗೊಳಗೇ ಒಂದು ಕೊರಗು ಹತ್ತಿತು. ಒಂದು ಸಂಜೆ ಡ್ಯೂಟಿಯಿಂದ ಬಂದು, ಬೂಟು ಸಹ ಬಿಚ್ಚದೆ ಕಟ್ಟೆಯ ಮೇಲೆ ಕೂತರು.

"ನಾಳೆ ನಾವಿಬ್ಬರೂ ಹೋದ ಮ್ಯಾಲೆ ಇಂವ ಯಾರು ಅಂತ ಹೇಳವರು ಒಬ್ಬರರೆ ಬೇಕಲ್ಲ," ಎಂದರು. "ನಮ್ಮ ಮಂದಿ ಇರೋ ಕಡೆ ಹೋಗೂಣು."

ಮನೆಯಲ್ಲಿ ನಾವು ಆಡುವುದು ಮರಾಠಿ. ಬರೆಯುವಾಗ ಅದು ನನಗೆ ಈ ಓಣಿಯ ಕನ್ನಡದಲ್ಲೇ ಕೇಳಿಸುತ್ತದೆ. ನಾನು ಹೂಂ ಎಂದೆ. ಅವರ ಮಾತು ಸುಳ್ಳೇನಾಗಿರಲಿಲ್ಲ.

ಮೊದಲು ಪುಣೆಗೆ ಹೋದೆವು. ಮನೆಯವರ ಚಿಕ್ಕಪ್ಪನ ಮಗಳ ಮನೆಯಲ್ಲಿ ಇಳಿದುಕೊಂಡೆವು. ಶನಿವಾರ ಬೆಳಿಗ್ಗೆ ಪ್ರಾರ್ಥನಾ ಮಂದಿರದ ಒಳಗೆ ಕಾಲಿಟ್ಟಾಗ ನನ್ನ ಕಣ್ಣು ತುಂಬಿ ಬಂತು. ಅಷ್ಟು ಜನ ನಮ್ಮವರನ್ನು ಒಂದೇ ಕಡೆ ನೋಡಿ ಎಷ್ಟೋ ವರ್ಷವಾಗಿತ್ತು. ಎತ್ತರದ ಛತ್ತನ್ನೂ ಬಣ್ಣದ ಗಾಜನ್ನೂ ನೋಡುತ್ತ ಮಗನೂ ಸುಮ್ಮನೆ ನಿಂತಿದ್ದ. ಆಮೇಲೆ ಎಲ್ಲರ ದನಿ ಒಟ್ಟಿಗೆ ಎದ್ದಿತು. ಅವನು ಬೆಂಚುಗಳ ನಡುವೆ ನೆಲಕ್ಕೆ ಬಿದ್ದು, ಕಿವಿ ಮುಚ್ಚಿ ಕೂಗತೊಡಗಿದ. ಯಾರೂ ಒಂದು ಮಾತು ಅನ್ನಲಿಲ್ಲ. ಒಬ್ಬಾಕೆ ನೀರು ತಂದುಕೊಟ್ಟರು, ಒಬ್ಬರು ಬಾಗಿಲು ಹಿಡಿದು ನಿಂತರು. ನಾನು ಅವನನ್ನು ಎಬ್ಬಿಸಿ, ತಬ್ಬಿ ಹಿಡಿದು ಹೊರಗೆ ಬಂದು, ಪ್ರಾರ್ಥನೆ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಕೂತೆ.

ಮರುದಿನ ಮನೆ ನೋಡಲು ಅಡ್ಡಾಡಿದೆವು. ಇಂಥ ಮಕ್ಕಳ ಶಾಲೆ ಒಂದು ಕಡೆ, ಪ್ರಾರ್ಥನಾ ಮಂದಿರ ಇನ್ನೊಂದು ಕಡೆ, ನಮ್ಮ ಸಂಬಳಕ್ಕೆ ಸಿಗುವ ಖೋಲಿ ಊರಿನ ಹೊರಗೆ ಮತ್ತೊಂದು ಕಡೆ. ಸಿಕ್ಕ ಒಂದೇ ಒಂದು ಖೋಲಿ ಮೇಲಿನ ಮಾಳಿಗೆಯಲ್ಲಿತ್ತು. ಬಾಗಿಲಿಗೆ ಕೀಲಿ ಹಾಕಿಯೇ ಇವನನ್ನು ಬೆಳೆಸಬೇಕು. ಮಿರಜಕ್ಕೆ ಮರಳುವ ರೈಲಿನಲ್ಲಿ ಮನೆಯವರು ಮಗನನ್ನು ಕಿಟಕಿಯ ಬದಿಗೆ ಕೂರಿಸಿಕೊಂಡರು. "ಅಲ್ಲಿ ಎಲ್ಲಾ ಐತಿ," ಎಂದರು. "ನಮ್ಮ ಕೈಗೆ ನಿಲುಕೂದು ಒಂದೂ ಇಲ್ಲ."

ಪುಣೆಯ ಆ ನಾದಿನಿಯೇ ಸ್ವಲ್ಪ ದಿನಕ್ಕೆ ಫೋನ್ ಮಾಡಿದಳು. ಕೊಂಕಣದ ಒಂದು ಸಣ್ಣ ಊರಿನಲ್ಲಿ ದೂರದ ಸಂಬಂಧದ ಮೌಶಿಯೊಬ್ಬರಿದ್ದಾರೆ, ತೀರಿಹೋದ ನನ್ನ ಅತ್ತೆಗೆ ವರಸೆಯಲ್ಲಿ ತಂಗಿ, ಮನೆಯವರಿಗೆ ಚಿಕ್ಕಮ್ಮ. ಗಂಡ ತೀರಿಕೊಂಡಿದ್ದಾರೆ, ಮಕ್ಕಳಾಗಿಲ್ಲ. ಅಲ್ಲಿಯ ಹಳೆಯ ಪ್ರಾರ್ಥನಾ ಮಂದಿರದ ಕೀಲಿ ಅವರ ಹತ್ತಿರವೇ ಇದೆ. ಮನೆಯ ಎರಡು ಖೋಲಿ ಖಾಲಿ ಇವೆ, ಬಾಡಿಗೆಯೆಂದು ಹೆಚ್ಚೇನೂ ಕೇಳುವವರಲ್ಲ. ಹೋಗಿ ಇದ್ದು ನೋಡಿ ಎಂದಳು.

ಕಬ್ಬು ಅರೆಯುವ ಹಂಗಾಮು ಮುಗಿದರೆ ಕಾರ್ಖಾನೆಯಲ್ಲಿ ರಜೆ ಸಿಗುತ್ತದೆ. ಬೇಸಿಗೆಯಲ್ಲಿ ಹೋಗುವುದೆಂದು ಮಾಡಿದೆವು. ಈ ಸುದ್ದಿ ಪಕ್ಕದ ಹೊಲದ ಅಕ್ಕನಿಗೆ ಹೇಗೋ ಮುಟ್ಟಿತು. ನನಗಿಂತ ಹತ್ತಾರು ವರ್ಷ ಹಿರಿಯಳು, ನೀರು ನೋಡಲು ನನ್ನ ಮಗ ಓಡಿಹೋಗುವುದು ಅವಳ ಹೊಲಕ್ಕೇ. ಕುಪ್ಪಸದ ಅಳತೆ ಕೊಡುವ ನೆವದಲ್ಲಿ ಬಂದು ಬಾಗಿಲಲ್ಲೇ ನಿಂತಳು.

"ಊರು ಬಿಡಾಕತ್ತೀರಂತ, ಖರೇ ಏನ?"

"ನೋಡಾಕ ಹೊಂಟೀವಿ ಅಕ್ಕಾ. ನಮ್ಮ ಮಂದಿ ಇರೋ ಊರು."

"ಮತ್ತ ಇಷ್ಟು ದಿನಾ ನಾವು ಯಾರು ಆಗಿದ್ವಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಟೇಪು ಎತ್ತಿಕೊಂಡು ಅವಳನ್ನು ಒಳಗೆ ಕರೆದೆ. ಅಳತೆ ತೆಗೆದುಕೊಂಡೆ. ಅವಳು ಹೋಗುವಾಗ ಮಗನ ತಲೆ ಸವರಿ ಹೋದಳು.

ಮೌಶಿಯ ಊರು ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ತೆಂಗಿನ ಮರಗಳ ನಡುವೆ ಕೆಂಪು ಹಂಚಿನ ಮನೆಗಳು, ಸದ್ದಿಲ್ಲದ ಓಣಿ. ಮೌಶಿ ಒಣಗಿದ ಕಟ್ಟಿಗೆಯಂಥ ಹೆಂಗಸು. ಒಂಬತ್ತು ಗಜದ ಸೀರೆ, ಚುರುಕು ನಡೆ, ಮಾತು ನೇರ. ಮಗನನ್ನು ಒಂದು ಸಲ ನೋಡಿ, "ಇಂವ ಮಾತಾಡೂದಿಲ್ಲ ಅಂದ್ರಿ. ಛಲೋ ಆತು. ನಾನೂ ಮುಂಜಾನಿ ಮಾತಾಡೂದಿಲ್ಲ," ಎಂದರು. ಅಷ್ಟೇ, ಮತ್ತೆ ಅವನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ದಿನಾ ಬೆಳಿಗ್ಗೆ ಪ್ರಾರ್ಥನಾ ಮಂದಿರದ ಕಸ ಹೊಡೆಯಲು ಹೋಗುವಾಗ ಅವನನ್ನೂ ಕರೆದೊಯ್ಯುತ್ತಿದ್ದರು. ಸಣ್ಣ ಕಟ್ಟಡ, ನೀಲಿ ಬಾಗಿಲು. ಖಾಲಿ ಬೆಂಚುಗಳ ನಡುವೆ ಅವನು ತನ್ನ ರಾಗ ಎಳೆಯುತ್ತ ಅಡ್ಡಾಡುತ್ತಿದ್ದ. ಅವರು ಕಸಬರಿಗೆ ಹಿಡಿದು ಅವನ ಹಿಂದೆ.

ಮಂದಿ ಮಾತ್ರ ಇರಲಿಲ್ಲ. ಆ ಓಣಿಯ ಮನೆಗಳವರು ಯಾವಾಗಲೋ ಮುಂಬೈಗೋ ಇಸ್ರೇಲಿಗೋ ಹೋಗಿದ್ದರು. ಹಬ್ಬಕ್ಕೆ ಕಾರು ಮಾಡಿಕೊಂಡು ಬಂದು, ಪ್ರಾರ್ಥನೆ ಮುಗಿಸಿ, ಊಟ ಮಾಡಿ ಮರಳುತ್ತಿದ್ದರು. ಉಳಿದ ಶುಕ್ರವಾರಗಳಲ್ಲಿ ಮೌಶಿಯ ಮನೆಯದು ಒಂದೇ ದೀಪ. ಅಷ್ಟಾದರೂ ಮನೆಯವರು ಖುಷಿಯಾಗಿದ್ದರು. ಮಂದಿರದ ಕೆಟ್ಟ ವೈರಿಂಗ್ ಎಲ್ಲ ಬಿಚ್ಚಿ ಹೊಸದು ಹಾಕಿದರು. ಇಲ್ಲೇ ಇದ್ದುಬಿಡೋಣ ಎಂದು ನಾವಿಬ್ಬರೂ ಹೆಚ್ಚುಕಡಿಮೆ ನಿಶ್ಚಯ ಮಾಡಿದ್ದೆವು.

ಒಂದು ಬೆಳಿಗ್ಗೆ ನಾನು ಅಕ್ಕಿ ತೊಳೆಯುತ್ತಿದ್ದೆ. ಹಿತ್ತಲ ಬಾಗಿಲು ತೆರೆದದ್ದು ಗೊತ್ತಾಗಲಿಲ್ಲ. ಒಳಗೆ ಹೋಗಿ ನೋಡಿದರೆ ಮಗ ಇಲ್ಲ. ಮನೆಯವರು ಮಂದಿರದ ಕಡೆ ಓಡಿದರು, ನಾನು ಓಣಿಯ ತುದಿಗೆ. ಸಮುದ್ರ ಅಲ್ಲಿಂದ ಕಾಣುವಷ್ಟೇ ದೂರ. ಬಂದ ದಿನದಿಂದ ನಾವು ಅವನನ್ನು ಆ ಕಡೆ ಒಯ್ದೇ ಇರಲಿಲ್ಲ. ಅದರ ಸಪ್ಪಳ ಅವನಿಗೆ ಆಗದು ಎಂದುಕೊಂಡಿದ್ದೆವು.

ಅವನು ಸೊಂಟದವರೆಗೆ ನೀರಿನಲ್ಲಿದ್ದ. ಪಕ್ಕದಲ್ಲಿ ಮೌಶಿ. ಸೀರೆ ಉಟ್ಟಂತೆಯೇ ಇಳಿದುಬಿಟ್ಟಿದ್ದರು. ಅವನನ್ನು ಎಳೆಯುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಅವನ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದು, ಅವನು ನೋಡುತ್ತಿದ್ದ ಕಡೆಗೇ ನೋಡುತ್ತ ನಿಂತಿದ್ದರು. ನಾನು ಚೀರಬೇಕೆಂದಾಗ ಕೈಯೆತ್ತಿ ಬೇಡ ಎಂದು ಸನ್ನೆ ಮಾಡಿದರು. ತೆರೆ ಬಂದಾಗ ಇಬ್ಬರೂ ತೂಗಾಡುತ್ತಿದ್ದರು. ಎಷ್ಟು ಹೊತ್ತಾಯಿತೋ, ಕಡೆಗೆ ಅವನಿಗೇ ಸಾಕೆನಿಸಿ ತಿರುಗಿದ. ಮೌಶಿ ಅವನ ಹಿಂದೆಯೇ ನಡೆದು ದಡಕ್ಕೆ ಬಂದರು, ಮರಳಿನ ಮೇಲೆ ಕುಸಿದು ಕೂತರು. ಸೆರಗಿನ ನೀರು ಹಿಂಡಿದರು.

"ಎಳದಿದ್ರ ಒಳಗ ಓಡತಿದ್ದ," ಎಂದರು.

ಆ ದಿನ ಮೊದಲ್ಗೊಂಡು ನನಗೆ ಆ ಊರಿನಲ್ಲಿ ನೆಮ್ಮದಿ ಉಳಿಯಲಿಲ್ಲ. ಬಾಗಿಲಿಗೆ ಅಗಳಿ ಹಾಕಿದ್ದೇನೆಯೇ ಎಂದು ಮತ್ತೆ ಮತ್ತೆ ಎದ್ದು ನೋಡುವೆ. ಅಲ್ಲೇ ಉಳಿಯುವ ನಿಶ್ಚಯ ಮುರಿದದ್ದು ಇಬ್ಬರಿಗೂ ತಿಳಿದಿತ್ತು. ಹೊರಡುವ ದಿನ ನಾನು ಮೌಶಿಯ ಕಾಲಿಗೆ ನಮಸ್ಕರಿಸಿ, "ಹುಡುಕಿದ್ದು ಸಿಕ್ಕಿತ್ತು ಮೌಶಿ. ಸಮುದ್ರ ಒಂದು ಇರಬಾರದಿತ್ತು," ಎಂದೆ.

"ನಾನೂ ಹುಡುಕಾಕತ್ತ ಎಷ್ಟೋ ವರ್ಷ ಆತು," ಎಂದರು ಅವರು. ಏನನ್ನು ಎಂದು ಆಗ ನಾನು ಕೇಳಲಿಲ್ಲ.

ಊರಿಗೆ ಮರಳಿದ ಮೇಲೆ ಪಕ್ಕದ ಅಕ್ಕನ ಮುಂದೆ ಸಮುದ್ರದ ಕಥೆ ಹೇಳಿ ಅತ್ತೆ. ಅವಳು ಕಾಲುವೆಯ ಬದಿಗೆ ಕೂತು ಕೇಳಿದಳು. ಆಮೇಲೆ, ಹೊಲದ ಬಾವಿಯ ಕಡೆ ಗದ್ದ ಎತ್ತಿ ತೋರಿಸಿದಳು. ಬಾವಿಯ ಬಾಯಿಗೆ ದಪ್ಪ ಕಬ್ಬಿಣದ ಜಾಲರಿ.

"ಅದನ್ನ ಯಾಕ ಹಾಕಿಸೀವಿ ಅಂತ ತಿಳಕೊಂಡಿ?"

"ಎಲಿ, ಕಸ ಬೀಳಬಾರದು ಅಂತ..."

"ಎಲಿ ಬಿದ್ರ ಬಾವಿಗೆ ಏನಾಗತೈತಿ? ಇಂವ ನಡ್ಯಾಕ ಕಲಿತ ವರ್ಷ ಹಾಕಿಸಿದ್ದು."

ಅಷ್ಟು ವರ್ಷ ನಾನು ದಿನಾ ಆ ಬಾವಿಯನ್ನು ನೋಡಿದ್ದೆ. ಅಕ್ಕ ಅದನ್ನು ಎಂದೂ ಹೇಳಿರಲಿಲ್ಲ, ಅವತ್ತು ಅಷ್ಟು ಹೇಳಿ ಎದ್ದು ಹೋಗಿ ಪಂಪು ಬಂದ್ ಮಾಡಿದಳು.

ಮಳೆಗಾಲ ಅರ್ಧ ಕಳೆದಿರಬೇಕು, ಮೌಶಿ ಫೋನ್ ಮಾಡಿದರು. ಪ್ರಾರ್ಥನಾ ಮಂದಿರದ ಕೀಲಿಯನ್ನು ಅಂಚೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರಿಗೆ ಒಪ್ಪಿಸಿದ್ದಾಗಿಯೂ, ಸ್ವಲ್ಪ ದಿನ ಇದ್ದುಹೋಗಲು ಬರುತ್ತಿರುವುದಾಗಿಯೂ ಹೇಳಿದರು. ಮಿರಜದ ಬಸ್‌ಸ್ಟ್ಯಾಂಡಿಗೆ ನಾವು ಕರೆಯಲು ಹೋದೆವು. ಒಂದು ಟ್ರಂಕು, ಒಂದು ಹಿತ್ತಾಳೆಯ ದೀಪ, ಒಂದು ಚೀಲ ತೆಂಗಿನಕಾಯಿ. ಸ್ವಲ್ಪ ದಿನಕ್ಕೆ ಯಾರು ಟ್ರಂಕು ತರುತ್ತಾರೆ? ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ರಿಕ್ಷಾದಲ್ಲಿ ಮೌಶಿ ತಾವೇ ಹೇಳಿದರು: "ಅಲ್ಲಿ ಮಂದಿರ ಐತಿ, ಮಂದಿ ಇಲ್ಲ. ಪುಣೆದಾಗ ಮಂದಿ ಅದಾರ, ಆ ಗದ್ದಲದಾಗ ನಾನು ಇರೂದು ಹೆಂಗ? ನಿಮ್ಮಲ್ಲೆ ಒಂದು ಅಡಗಿ ಮನ್ಯಾಗ ಜಾಗಾ ಸಾಕು."

ಮೊದಲ ತಿಂಗಳು ಸುಲಭವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನನ್ನ ರೊಟ್ಟಿ ದಪ್ಪ, ಸಾರು ಖಾರ, ದೀಪ ಹಚ್ಚುವುದು ತಡ. ಎಲ್ಲಕ್ಕೂ ಮಾತು. ಜೋಳದ ರೊಟ್ಟಿ ಅವರ ಹಲ್ಲಿಗೆ ಬಾರದು. ಅನ್ನ ಮೀನು ತಿಂದು ಬೆಳೆದವರು. ನಾನು ಒಮ್ಮೆ ಎದುರು ಆಡಿಯೂಬಿಟ್ಟೆ. ಆದರೆ ಮಗನ ವಿಷಯದಲ್ಲಿ ನಾನು ಕಲಿಸುವುದೇನೂ ಉಳಿದಿರಲಿಲ್ಲ. ಟ್ರ್ಯಾಕ್ಟರಿನ ಹಾಡು ದೂರದಲ್ಲಿ ಕೇಳಿಸಿದರೆ ಸಾಕು, ಮೌಶಿ ಎದ್ದು ಕಿಟಕಿ ಮುಚ್ಚಿ, ಅವನ ಪಕ್ಕ ಗೋಡೆಗೆ ಆತು ಕೂಡುತ್ತಿದ್ದರು.

ಅಕ್ಕನಿಗೂ ಅವರಿಗೂ ಗೆಳೆತನವಾದದ್ದು ಮರಾಠಿಯಿಂದ. ನಮ್ಮ ಗಡಿಯ ಕಡೆ ಎಲ್ಲರ ಬಾಯಲ್ಲೂ ಎರಡೂ ಭಾಷೆ ಇರುತ್ತವೆ. ಒಂದು ದಿನ ಮೌಶಿ ಹರಕೆಯ ಮಲೀದಾ ಮಾಡಿದರು. ನೆನೆಸಿದ ಅವಲಕ್ಕಿಗೆ ಬೆಲ್ಲ, ತೆಂಗಿನ ತುರಿ, ಹಣ್ಣು ಕಲೆಸಿ, ಪ್ರವಾದಿಯೊಬ್ಬರ ಹೆಸರಿನಲ್ಲಿ ಪ್ರಾರ್ಥಿಸಿ ಹಂಚುವುದು ನಮ್ಮ ಪದ್ಧತಿ. ಅಕ್ಕ ಬೊಗಸೆಯಲ್ಲಿ ತಗೊಂಡು, "ಮಲೀದಾ ಅಂದ್ರ ನಮ್ಮ ಮಾದಲಿ ಇದ್ದಂಗ ಇರತೈತಿ ಅಂದಿದ್ದೆ. ಇದು ಅವಲಕ್ಕಿ!" ಎಂದು ನಕ್ಕಳು. ಮರುವಾರ ಗೋದಿಯ ರೊಟ್ಟಿ ಪುಡಿಮಾಡಿ ಬೆಲ್ಲ ಕಲೆಸಿದ ಮಾದಲಿ ಮಾಡಿ ತಂದಳು. ಮೌಶಿ ತಿಂದು ನೋಡಿ, ಇದರಲ್ಲಿ ಬೆಲ್ಲ ಹೆಚ್ಚು ಎಂದರು. ಅವರು ಯಾರನ್ನೂ ಬಿಟ್ಟವರಲ್ಲ.

ಶುಕ್ರವಾರದ ದೀಪದ ನಂತರ ನಾವು ದ್ರಾಕ್ಷಾರಸ ಆಶೀರ್ವದಿಸಿ ಕುಡಿಯಬೇಕು. ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿ ಶರಬತ್ತು ಮಾಡಿಕೊಳ್ಳುವುದು ನಮ್ಮ ಹಿರಿಯರ ರೂಢಿ. ಅಕ್ಕನ ತವರು ತೆಲಸಂಗ. ಅವರದು ದ್ರಾಕ್ಷಿ ತೋಟ, ಒಣಗಿಸುವ ಶೆಡ್ಡುಗಳೂ ಇವೆ. ಅವಳು ಕಪ್ಪು ಒಣದ್ರಾಕ್ಷಿಯ ಒಂದು ಡಬ್ಬಿ ತಂದುಕೊಟ್ಟ ವಾರ ಮೌಶಿ ಕಿವುಚುವ ಕೆಲಸವನ್ನು ಮಗನಿಗೆ ವಹಿಸಿದರು. ಬೆರಳ ಸಂದಿಯಲ್ಲಿ ರಸ ಇಳಿಯುವುದನ್ನು ನೋಡುತ್ತ ಅವನು ಮೂಗಿನಲ್ಲಿ ರಾಗ ಎಳೆದ. ಅಂದಿನಿಂದ ಅದು ಅವನ ಕೆಲಸವೇ ಆಗಿದೆ.

ಹದಿಮೂರು ತುಂಬಿದ ಮೇಲೆ, ಮಳೆ ನಿಂತ ಮೇಲೆ ಬರುವ ನಮ್ಮ ಹಬ್ಬಕ್ಕೆ ನಾವೆಲ್ಲರೂ ಮೌಶಿಯ ಊರಿಗೆ ಹೋದೆವು. ಮುಂಬೈನಿಂದ ಬಂದವರಿಗೆ ಮೌಶಿ ಮೊದಲೇ ಹೇಳಿಟ್ಟಿದ್ದರು: ಆವತ್ತು ಎಲ್ಲರೂ ಮೆಲುದನಿಯಲ್ಲಿ ಹಾಡಬೇಕು. ಹಾಡಿದರು. ಮನೆಯವರು ಮಗನ ಕೈ ಹಿಡಿದು ಸುರುಳಿಯ ಮುಂದೆ ನಿಲ್ಲಿಸಿದರು. ಅವನು ಓದಲಿಲ್ಲ. ಸುರುಳಿಯ ಮಖಮಲ್ಲಿನ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಕ್ಕೆ ಒಂದು ಸಲ ಸವರಿದ. ಮುದುಕರೊಬ್ಬರು ಆಶೀರ್ವಾದದ ಮಾತನ್ನು ಅವನ ಪರವಾಗಿ ಓದಿದರು. ಆಮೇಲೆ ಅವನಿಗೆ ಸಾಕಾಯಿತು, ಹೊರಗೆ ನಡೆದ. ಮನೆಯವರು ಅವನ ಹಿಂದೆ ಹೋದರು; ಹಿಂತಿರುಗಿ ನನ್ನ ಕಡೆ ನೋಡಿದಾಗ ಅವರ ಮುಖ ಹಗುರಾಗಿತ್ತು.

ಈಗಲೂ ನಮ್ಮದು ನಾಲ್ಕೇ ಜನರ ಶುಕ್ರವಾರ. ಬೆಳಗಾವಿಯಿಂದ ನಮ್ಮವರೇ ಆದ ಗಂಡ ಹೆಂಡತಿ ಯಾವಾಗಲಾದರೂ ಬರುತ್ತಾರೆ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ನಮ್ಮ ಮನೆಯಲ್ಲಿ ಎಂದೂ ಕೂಡಲಾರರು. ತಾಲೂಕಿನಿಂದ ವಿಶೇಷ ಶಿಕ್ಷಕಿಯೊಬ್ಬರು ವಾರಕ್ಕೊಮ್ಮೆ ಮನೆಗೇ ಬಂದು ಮಗನಿಗೆ ಪಾಠ ಮಾಡುತ್ತಾರೆ. ಮೊನ್ನೆ ದ್ರಾಕ್ಷಿಯ ಹಂಗಾಮಿನಲ್ಲಿ ಅಕ್ಕ ಮೌಶಿಯನ್ನು ತೆಲಸಂಗಕ್ಕೆ ಕರೆದೊಯ್ದಳು. ಸಂಜೆ ಜೀಪಿನಿಂದ ಇಳಿದ ಮೌಶಿಯ ಸೀರೆ ಪೂರಾ ಧೂಳು. ಅಲ್ಲಿಯ ಹೆಂಗಸರಿಗೆ ಒಣದ್ರಾಕ್ಷಿ ಆರಿಸಲು ಬರುವುದಿಲ್ಲ, ನಾನು ಕೂತು ತೋರಿಸಿ ಬಂದೆ, ಮತ್ತೆ ಬುಧವಾರ ಬನ್ನಿ ಎಂದಿದ್ದಾರೆ ಎಂದು ಹೇಳುತ್ತ ಕಾಲು ತೊಳೆಯಲು ಹಿತ್ತಲಿಗೆ ಹೋದರು.