ಅಜ್ಜಿ ಕೂಗಿದ ಲೊತೆರಿಯಾ

ಒಣ ಕಾಳು ರಟ್ಟಿನ ಮೇಲೆ ಉದುರುವ ಸದ್ದು ಕೇಳಿದರೆ ನನ್ನ ಕಾಲು ಈಗಲೂ ನಿಂತಲ್ಲೇ ನಿಂತುಬಿಡುತ್ತದೆ. ಹೋದ ತಿಂಗಳು ಒಂದು ಶನಿವಾರ, ಸಿಂಗಪುರದ ರಾಫೆಲ್ಸ್ ಪ್ಲೇಸ್‌ನ ಆಫೀಸಿನಲ್ಲಿ ಮುಗಿಯದ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು, ತಣ್ಣಗೆ ಒಂದು ಮೂಲೆ ಸಿಕ್ಕೀತೆಂದು ಮಾಲ್ ಒಂದರ ಮೇಲಿನ ಲೈಬ್ರರಿಗೆ ಹೋಗಿದ್ದೆ. ಮಕ್ಕಳ ವಿಭಾಗದ ತುಂಬ ಕತ್ತರಿಸಿದ ಬಣ್ಣದ ಕಾಗದದ ತೋರಣ. ಲ್ಯಾಟಿನ್ ಅಮೆರಿಕದ ಸಂಸ್ಕೃತಿಯ ತಿಂಗಳು ಎಂದು ಬಾಗಿಲಲ್ಲೇ ಬೋರ್ಡು. ಒಳಗೆ ಯಾರೋ ಒಂದು ಡಬ್ಬಿ ರಾಜ್ಮಾ ಕಾಳನ್ನು ಮೇಜಿನ ಮೇಲೆ ಹರಡಿದ್ದ ಚಿತ್ರದ ರಟ್ಟುಗಳ ಮೇಲೆ ಸುರಿದರು. ಅಷ್ಟೇ ಸಾಕಾಯಿತು. ಕೊರಳಲ್ಲಿ ಬ್ಯಾಂಕಿನ ಟ್ಯಾಗ್ ತೂಗಿಸಿಕೊಂಡ ಇಪ್ಪತ್ತೆಂಟು ವರ್ಷದ ಹೆಂಗಸು ಎಲ್ಲಿಗೋ ಹೋಗಿ, ಮಂಡಿಯ ಮೇಲೆ ಸದಾ ಒಂದು ಗಾಯ ಇಟ್ಟುಕೊಂಡಿದ್ದ ಹತ್ತು ವರ್ಷದ ಪುಟ್ಟಿ ಬಂದು ನಿಂತಳು. ಅಜ್ಜಿ ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಎದೆ ಆಗಿನ ಹಾಗೆಯೇ ಹೊಡೆದುಕೊಂಡಿತು. ನಿಮಗೂ ಇಂಥದೊಂದು ಸದ್ದು ಇರಬಹುದು. ಇದ್ದರೆ ನಾನು ಹೇಳುವುದು ಅರ್ಥವಾದೀತು.

ಆಗ ನಾವಿದ್ದದ್ದು ಸಿಂಗಪುರದ ಪಶ್ಚಿಮದ ಅಂಚಿನಲ್ಲಿ, ಹಳೆಯ ಬ್ಲಾಕೊಂದರ ಹನ್ನೊಂದನೇ ಮಹಡಿಯಲ್ಲಿ. ಆ ಬ್ಲಾಕ್ ಈಗ ಇಲ್ಲ, ಕೆಡವಿ ಅದರ ಮೂರರಷ್ಟು ಎತ್ತರದ್ದನ್ನು ಕಟ್ಟಿದ್ದಾರೆ. ಬೆಳಗ್ಗೆ ಅಪ್ಪ ಜುರಾಂಗ್ ಐಲ್ಯಾಂಡಿನ ಕಂಪನಿ ಬಸ್ಸು ಹಿಡಿಯಲು ಓಡುವಾಗ ನಮ್ಮ ಅಡುಗೆಮನೆಯ ಫಿಲ್ಟರ್ ಕಾಫಿಯ ವಾಸನೆಯೂ ಪಕ್ಕದ ಮನೆಯ ಊದುಬತ್ತಿಯ ಹೊಗೆಯೂ ಕಾರಿಡಾರಿನಲ್ಲಿ ಒಂದಾಗುತ್ತಿದ್ದವು. ಹಿಂದಿನ ದೀಪಾವಳಿ ಕಳೆದ ವಾರಕ್ಕೆ ಮೈಸೂರಿನಲ್ಲಿ ತಾತ ತೀರಿಕೊಂಡಿದ್ದರು. ಅಪ್ಪ ಹೋಗಿ ಕರ್ಮ ಮುಗಿಸಿ, ಬರುವಾಗ ಅಜ್ಜಿಯನ್ನು ಜೊತೆಗೇ ಕರೆತಂದರು. ಅಜ್ಜಿ ಬಂದಳು, ಆದರೆ ಬಂದ ಹಾಗಿರಲಿಲ್ಲ. ಸೋಫಾದ ತುದಿಯಲ್ಲಿ ರೈಲಿಗೆ ಕಾಯುವವರ ಹಾಗೆ ಕೂತಿರುತ್ತಿದ್ದಳು. ತಾತನ ಮಾತು ಬಂದರೆ, “ನಿಮ್ಮ ತಾತಂಗೆ ಕಾಫಿಗೆ ಸಕ್ಕರೆ ಜಾಸ್ತಿನೇ ಬೇಕು” ಎಂದು, ಅವರು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾರೇನೋ ಅನ್ನುವ ಹಾಗೆ ಹೇಳುತ್ತಿದ್ದಳು. ಅವರು ಹೋದರು ಅನ್ನುವ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ನಾವು ಯಾರೂ ಅದನ್ನು ಕೆದಕಲೂ ಇಲ್ಲ. ಸಿಂಗಪುರದಲ್ಲಿರಲು ಅವಳಿಗೆ ಕೊಟ್ಟಿದ್ದ ಪಾಸ್ ಅಕ್ಟೋಬರ್ ಕೊನೆಗೆ ಮುಗಿಯುತ್ತಿತ್ತು. “ಅಮ್ಮ, ರಿನ್ಯೂ ಮಾಡಿಸ್ಲಾ?” ಎಂದು ಅಪ್ಪ ಕೇಳಿದರೆ “ನೋಡೋಣ”. ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿ, ವರ್ಷಾಬ್ದಿಕಕ್ಕೆ ಬರ್ತೀಯಾ ಎಂದರೂ ಅದೇ “ನೋಡೋಣ”. ನನಗೋ ಅವಳು ಬೇಕಾಗಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯ ಒಂದೇ ಮಗುವಿಗೆ, ಸ್ಕೂಲಿನಿಂದ ಬಂದಾಗ ಒಳಗಿನಿಂದ ಬಾಗಿಲು ತೆಗೆಯುವವರೊಬ್ಬರು ಇರುವ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಏನಾದರೂ ಮಾಡಿ ಅಜ್ಜಿಯನ್ನು ಇಲ್ಲೇ ಉಳಿಸಿಕೊಳ್ಳಬೇಕೆಂದು ಹಟ ತೊಟ್ಟೆ.

ಉಪಾಯ ಸಿಕ್ಕಿದ್ದು ಮಾರಿಸೊಲ್ ಆಂಟಿಯಿಂದ. ಅವರ ಗಂಡ ಅಪ್ಪನ ಜೊತೆ ಅದೇ ಕಂಪನಿ ಬಸ್ಸಿನಲ್ಲಿ ಹೋಗುವ ಎಂಜಿನಿಯರ್. ಮೆಕ್ಸಿಕೋದಿಂದ ಬಂದ ಅವರಿಬ್ಬರು ನಮ್ಮ ಎದುರಿನ ಬ್ಲಾಕಿನಲ್ಲಿದ್ದರು. ಆಂಟಿಯದು ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗೆ. ಲಿಫ್ಟ್ ಕೆಳಗಿಳಿದು ಬರುವಷ್ಟರಲ್ಲಿ ಮೂರು ಜನರ ಸ್ನೇಹ ಮಾಡಿಕೊಂಡಿರುತ್ತಿದ್ದರು. ಅವರು ನಮ್ಮ ಏರಿಯಾದ ಲೈಬ್ರರಿಯವರ ಬೆನ್ನು ಬಿದ್ದು, ಸೆಪ್ಟೆಂಬರ್ ನಡುವಿನಿಂದ ಒಂದು ತಿಂಗಳು, ಪ್ರತಿ ಶನಿವಾರ ಮಧ್ಯಾಹ್ನ, ತಮ್ಮ ಕಡೆಯ ಹಾಡು, ಕತೆ, ಆಟಗಳ ಕಾರ್ಯಕ್ರಮಕ್ಕೆ ಒಪ್ಪಿಸಿದ್ದರು. ಅದರಲ್ಲಿ ಮುಖ್ಯವಾದದ್ದು ಲೊತೆರಿಯಾ ಎಂಬ ಆಟ. ನಮ್ಮ ಹೌಸಿಯ ಹಾಗೆಯೇ, ಆದರೆ ನಂಬರಿನ ಬದಲು ಚಿತ್ರ. ಹುಂಜ, ಏಣಿ, ಕೊಡೆ, ಚಂದ್ರ, ಕಲ್ಲಂಗಡಿ, ಗಂಟೆ ಎಂದು ಐವತ್ತನಾಲ್ಕು ಕಾರ್ಡುಗಳು. ಆಡುವವರ ಮುಂದೆ ಹದಿನಾರು ಚಿತ್ರಗಳ ಒಂದೊಂದು ರಟ್ಟು. ಕೂಗುವವರು ಎತ್ತಿದ ಕಾರ್ಡಿನ ಚಿತ್ರ ನಿಮ್ಮಲ್ಲಿದ್ದರೆ ಅದರ ಮೇಲೆ ಒಂದು ಕಾಳು ಇಡಬೇಕು, ರಟ್ಟು ತುಂಬಿದ ಕೂಡಲೇ “ಲೊತೆರಿಯಾ!” ಎಂದು ಗಂಟಲು ಹರಿಯುವ ಹಾಗೆ ಕಿರುಚಬೇಕು. ಲೈಬ್ರರಿಯಲ್ಲಿ ಕಿರುಚಬಹುದು ಅನ್ನುವುದೇ ನನಗೆ ಹಬ್ಬವಾಗಿತ್ತು. ಮೇಲಾಗಿ ಇದಕ್ಕೆ ಇಂಗ್ಲಿಷ್ ಬೇಡ, ಸ್ಪ್ಯಾನಿಷ್ ಬೇಡ, ಓದೂ ಬೇಡ. ಅಜ್ಜಿಗೆಂದೇ ಮಾಡಿಸಿದ ಹಾಗಿತ್ತು.

ಮೊದಲ ಶನಿವಾರ ಅವಳನ್ನು ಕೈ ಹಿಡಿದು ಎಳೆದುಕೊಂಡೇ ಹೋದೆ. “ನನಗ್ಯಾಕೆ ಪುಟ್ಟಿ ಲೈಬ್ರರಿ, ನಾನೇನು ಪರೀಕ್ಷೆ ಕಟ್ಬೇಕಾ?” ಎಂದು ದಾರಿಯುದ್ದಕ್ಕೂ ಗೊಣಗಿದಳು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಸೀರೆ ಸರಿಮಾಡಿಕೊಂಡು, ಮುಖ ಗಂಟಿಕ್ಕಿ ಕೂತಳು. ಮಾರಿಸೊಲ್ ಆಂಟಿ ಮೊದಲ ಕಾರ್ಡು ಎತ್ತಿದರು. ಕೂಡಲೇ ಚಿತ್ರ ತೋರಿಸಲಿಲ್ಲ, ಹೆಸರೂ ಹೇಳಲಿಲ್ಲ. ತಮ್ಮ ಭಾಷೆಯಲ್ಲಿ ರಾಗವಾಗಿ ಎರಡು ಸಾಲು ಹೇಳಿ, ಹುಬ್ಬು ಕುಣಿಸಿ, ಸೊಂಟಕ್ಕೆ ಕೈ ಕೊಟ್ಟು ಕಾದು, ಆಮೇಲಷ್ಟೇ ಕಾರ್ಡು ತಿರುಗಿಸಿ ತೋರಿಸಿದರು. ಅವರ ಊರಿನಲ್ಲಿ ಕೂಗುವ ಪದ್ಧತಿಯೇ ಹಾಗಂತೆ. ಹೆಸರನ್ನು ನೇರವಾಗಿ ಹೇಳುವವರು ಕೂಗುವುದಕ್ಕೇ ಲಾಯಕ್ಕಲ್ಲವಂತೆ. ಅಜ್ಜಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಆದರೂ ನನ್ನ ತೋಳನ್ನು ಹಿಡಿದು ಚಿವುಟಿದಳು. “ಅಯ್ಯೋ, ಇದು ಒಗಟು ಕಣೇ! ಒಗಟು ಹಾಕ್ತಿದಾಳೆ ಇವಳು!” ಸಿಂಗಪುರಕ್ಕೆ ಬಂದ ಮೇಲೆ ಅವಳ ದನಿ ಅಷ್ಟು ಮೇಲೇರಿದ್ದು ಅದೇ ಮೊದಲು. ಮುಂದಿನ ಸುತ್ತಿನ ಹೊತ್ತಿಗೆ ಅವಳು ಕುರ್ಚಿಯ ತುದಿಗೆ ಬಂದಿದ್ದಳು, ಕಣ್ಣು ಫಳಫಳ ಎನ್ನುತ್ತಿತ್ತು. ಒಂದೇ ಒಂದು ವಿಚಿತ್ರ ಕಂಡೆ. ಅವಳ ರಟ್ಟಿನಲ್ಲಿ ಮೂಳೆಯ ಗೂಡೊಂದು ಕುಡುಗೋಲು ಹಿಡಿದು ನಿಂತ ಚಿತ್ರವಿತ್ತು, ಅವರ ಆಟದ ಸಾವಿನ ಕಾರ್ಡು. ಆಂಟಿ ರಟ್ಟುಗಳನ್ನೆಲ್ಲ ತಮ್ಮ ಕೈಯಲ್ಲೇ ಬರೆದಿದ್ದರು. ಮಕ್ಕಳು ಹೆದರಿಯಾರೆಂದು ಆ ಚಿತ್ರವನ್ನು ಒಂದೇ ಒಂದು ರಟ್ಟಿಗೆ ಹಾಕಿದ್ದರು. ಅದು ಅಜ್ಜಿಗೇ ಬರಬೇಕೇ? ಆಂಟಿ ಆ ಕಾರ್ಡು ಕೂಗಿದಾಗ ಅಜ್ಜಿ ಕಾಳು ಇಡಲಿಲ್ಲ. ಆ ಒಂದು ಮನೆ ಖಾಲಿ ಬಿಟ್ಟು, ಗೆಲ್ಲುವ ಆಟವನ್ನು ಸುಮ್ಮನೆ ಬಿಟ್ಟುಕೊಟ್ಟಳು.

ಎರಡನೇ ಶನಿವಾರ ಅಜ್ಜಿಯೇ ಎದ್ದು ನಿಂತು, ಒಂದು ಕಾರ್ಡು ತಾನು ಕೂಗುತ್ತೇನೆಂದು ಕೈಸನ್ನೆ ಮಾಡಿದಳು. ಆಂಟಿಗೆ ಎಲ್ಲಿಲ್ಲದ ಖುಷಿ. ಅಜ್ಜಿ ಕಾರ್ಡನ್ನು ಎದೆಗೊತ್ತಿಕೊಂಡು, ಗಂಟಲು ಸರಿಮಾಡಿಕೊಂಡು, “ಮಡಿಸಿದ್ರೆ ಕೋಲು, ಬಿಚ್ಚಿದ್ರೆ ಸೂರು, ಏನು?” ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, “ಕೊಡೆ!” ಎಂದು ಹತ್ತು ಗಂಟಲು. “ಹಸಿರು ಮನೆ, ಕೆಂಪು ಗೋಡೆ, ಒಳಗೆಲ್ಲ ಕರಿ ಮಕ್ಕಳು.” ಕಲ್ಲಂಗಡಿ! “ದಿನಾ ಸವೀತಾನೆ ಸಾಯಲ್ಲ, ದಿನಾ ಬೆಳೀತಾನೆ ಮುದುಕ ಆಗಲ್ಲ.” ಚಂದ್ರ! ಚೀನೀ ಮಕ್ಕಳು, ಮಲಯ್ ಮಕ್ಕಳು, ತಮಿಳು ಮಕ್ಕಳು, ಎಲ್ಲರೂ “ಅಜ್ಜಿ, ಒನ್ ಮೋರ್, ಅಜ್ಜಿ!” ಎಂದು ಕುಣಿಯುತ್ತಿದ್ದರು. ಅಜ್ಜಿ ಅನ್ನುವುದನ್ನು ಅವಳ ಹೆಸರೆಂದೇ ತಿಳಿದಿದ್ದರು. ನನಗೆ ಹೆಮ್ಮೆಯಿಂದ ನೆಲ ಕಾಣುತ್ತಿರಲಿಲ್ಲ. ಗೆದ್ದೆ ಅಂದುಕೊಂಡೆ. ಇಷ್ಟು ಮಕ್ಕಳನ್ನು ಬಿಟ್ಟು ಅವಳು ಯಾವ ಮೈಸೂರಿಗೆ ಹೋಗುತ್ತಾಳೆ! ಕೊನೆಯ ಶನಿವಾರದ ದೊಡ್ಡ ಆಟವನ್ನು ಪೂರ್ತಿ ಅಜ್ಜಿಯೇ ಕೂಗಲಿ ಎಂದು ಅದರ ಹಿಂದಿನ ಶನಿವಾರ ಆಂಟಿ ಕಾರ್ಡುಗಳ ಕಟ್ಟನ್ನು ಮನೆಗೇ ಕೊಟ್ಟು ಕಳಿಸಿದರು. ಆ ವಾರ ನಮ್ಮ ಮನೆಯಲ್ಲಿ ಮದುವೆಮನೆಯ ಸಡಗರ. ಅಜ್ಜಿ ಸಾರಿಗೆ ಒಗ್ಗರಣೆ ಹಾಕುತ್ತ ಒಗಟು ಕಟ್ಟುತ್ತಿದ್ದಳು, ನಾನು ಸ್ಕೂಲಿನ ನೋಟ್‌ಬುಕ್ಕಿನ ಹಿಂದಿನಿಂದ ಬರೆದುಕೊಳ್ಳುತ್ತಿದ್ದೆ. ಅಮ್ಮ ಆಫೀಸಿನಿಂದ ಬಂದವಳು ಬ್ಯಾಗೂ ಇಳಿಸದೆ, “ಅತ್ತೆ, ಏಣಿಗೆ ಏನ್ ಮಾಡಿದ್ರಿ?” ಎಂದು ಕೇಳುತ್ತಿದ್ದಳು.

ಕೊನೆಯ ಶನಿವಾರ ಲೈಬ್ರರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಅಂದಿನ ನಿಯಮವೇ ಬೇರೆ: ಮೊದಲು ತುಂಬಿದವರಿಗೆ ಬಹುಮಾನ, ಆದರೆ ಎಲ್ಲರ ರಟ್ಟೂ ತುಂಬುವವರೆಗೆ ಕೂಗುತ್ತಲೇ ಇರಬೇಕು, ಯಾವ ಮಗುವೂ ಕಿರುಚದೆ ಮನೆಗೆ ಹೋಗಬಾರದು. ಅಜ್ಜಿ ಕೂಗಿದಳು, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸಿದೆ. ಒಂದು ಮೇಜಿನಿಂದ “ಲೊತೆರಿಯಾ!”, ಇನ್ನೊಂದರಿಂದ “ಲೊತೆರಿಯಾ!”, ಆಮೇಲೆ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಸುತ್ತಲೂ ಚಟಪಟ. ಕಾರ್ಡುಗಳು ಮುಗಿದವು. ಅಜ್ಜಿ ಕೈ ಝಾಡಿಸಿಕೊಂಡಳು. ಆಗ ಹಿಂದಿನ ಮೇಜಿನಲ್ಲಿ ನೂರುಲ್ ಎಂಬ ಏಳು ವರ್ಷದ ಹುಡುಗಿ ಎದ್ದು ನಿಂತಳು. “ಎಲ್ಲರದ್ದೂ ಬಂತು, ನಂದೊಂದೇ ಬರ್ಲಿಲ್ಲ ಲಾ!” ಎಂದಳು ಸಿಂಗಪುರದ ಇಂಗ್ಲಿಷಿನಲ್ಲಿ. ಆಂಟಿ ಹೋಗಿ ಅವಳ ರಟ್ಟು ನೋಡಿದರು. ಹದಿನೈದು ಕಾಳು, ಒಂದು ಖಾಲಿ ಮನೆ. ಕಾರ್ಡುಗಳನ್ನು ಎಣಿಸಿದರು, ಐವತ್ತಮೂರು. ಮೇಜಿನಡಿ ಹುಡುಕಿದರು. ಎಲ್ಲರೂ ಬಗ್ಗಿ ಹುಡುಕುತ್ತಿರುವಾಗ ನಾನು ಅಜ್ಜಿಯ ಮುಖ ನೋಡಿದೆ. ಅವಳು ಬಗ್ಗಿರಲಿಲ್ಲ. ನಿಧಾನವಾಗಿ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಎರಡಾಗಿ ಮಡಿಸಿದ ಆ ಮೂಳೆಗೂಡಿನ ಕಾರ್ಡನ್ನು ಹೊರಗೆ ತೆಗೆದಳು.

ಅಪ್ಪ ತಲೆ ತಗ್ಗಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಇವಳನ್ನು ಯಾರು ಕರೆಯುತ್ತಾರೆ, ಇವಳು ಯಾಕೆ ಉಳಿಯುತ್ತಾಳೆ, ಎಲ್ಲ ಹಾಳಾಯಿತು ಎಂದು ಅಳು ಬಂತು. “ಹೇಳು ಪುಟ್ಟಿ ಆಂಟಿಗೆ” ಎಂದಳು ಅಜ್ಜಿ. “ಅವರು ಹೋಗಿ ವರ್ಷ ತುಂಬಿಲ್ಲ. ಮಕ್ಕಳು ಆಡೋ ಕಡೆ ಇದನ್ನ ನನ್ನ ಬಾಯಿಂದ ಹೆಂಗೆ ಕೂಗ್ಲಿ?” ಅವರು ಹೋದರು ಅನ್ನುವುದನ್ನು ಅವಳು ಹೇಳಿದ್ದು ಆಗಲೇ, ಅಷ್ಟು ಜನರ ಮುಂದೆ. ನಾನು ಮೂಗು ಒರೆಸಿಕೊಳ್ಳುತ್ತ ಅಷ್ಟನ್ನೂ ಹೇಳಿದೆ. ಮಾರಿಸೊಲ್ ಆಂಟಿ ನಗಲಿಲ್ಲ, ಬೇಸರಿಸಲೂ ಇಲ್ಲ. ಅಜ್ಜಿಯ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದರು. “ನಮ್ಮಮ್ಮ ತೀರಿಕೊಂಡ ವರ್ಷ ನಾನೂ ಇದನ್ನ ಕೂಗಕ್ಕಾಗದೆ ಎದ್ದು ಹೋಗಿದ್ದೆ ಅಂತ ಹೇಳು. ಆದ್ರೆ ಆ ಮಗು ಕಾಯ್ತಿದೆ, ನೋಡು ಅಂತಾನೂ ಹೇಳು.” ಅಜ್ಜಿ ನೂರುಲ್‌ಳನ್ನು ನೋಡಿದಳು. ಕಾರ್ಡಿನ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ಸರಿಮಾಡಿದಳು. ಆಮೇಲೆ, ಸಿದ್ಧಮಾಡಿಕೊಳ್ಳದ ಆ ಒಂದೇ ಒಗಟನ್ನು, ಒಂದೊಂದೇ ಮಾತು ಹುಡುಕಿಕೊಂಡು ಕೂಗಿದಳು: “ಕರೀದೇ ಬರ್ತಾನೆ. ಕೂರು ಅಂದ್ರೆ ಕೂರಲ್ಲ, ಉಣ್ಣು ಅಂದ್ರೆ ಉಣ್ಣಲ್ಲ. ಹೋಗೋವಾಗ ಮಾತ್ರ ಒಬ್ಬರ ಕೈ ಹಿಡ್ಕೊಂಡೇ ಹೋಗ್ತಾನೆ. ಯಾರು?” ನನ್ನ ಇಂಗ್ಲಿಷ್ ಮುಗಿಯುವ ಮೊದಲೇ ನೂರುಲ್ ಕಾಳು ಇಟ್ಟು, ಕಣ್ಣು ಮುಚ್ಚಿ, ಗೋಡೆ ಅದುರುವ ಹಾಗೆ “ಲೊತೆರಿಯಾ!” ಎಂದು ಕಿರುಚಿದಳು. ಆ ಚಪ್ಪಾಳೆಯನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಅಜ್ಜಿ ಕಣ್ಣೀರು ಸುರಿಸುತ್ತಲೇ ನಗುತ್ತಿದ್ದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳ ಮಾತು ನಿಲ್ಲಲೇ ಇಲ್ಲ. ತಾತನಿಗೆ ಉಸಿರು ನಿಂತಾಗ ತಾನು ಒಳಗೆ ಹಾಲು ಕಾಯಿಸುತ್ತಿದ್ದದ್ದು, ಹಾಲು ಉಕ್ಕಿ ಹೋದದ್ದು, ಎಲ್ಲವನ್ನೂ ಅಪ್ಪನಿಗೆ ಹೇಳಿದಳು. ನಮ್ಮ ಸ್ಟಾಪ್ ಬರುವ ಮೊದಲು, “ಪಾಸ್ ರಿನ್ಯೂ ಬೇಡಪ್ಪ. ಟಿಕೆಟ್ ಬುಕ್ ಮಾಡು. ವರ್ಷಾಬ್ದಿಕಕ್ಕೆ ನಾನು ಅಲ್ಲಿರಬೇಕು” ಎಂದಳು. ಅವಳನ್ನು ಉಳಿಸಿಕೊಳ್ಳಲೆಂದು ನಾನು ಎಳೆದುಕೊಂಡು ಹೋದ ಜಾಗವೇ ಅವಳನ್ನು ಊರಿಗೆ ಕಳಿಸಿತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಆ ಎರಡು ದಿನ ಈಗ ಸಿಕ್ಕಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಅಜ್ಜಿ ಮತ್ತೆ ಸಿಂಗಪುರಕ್ಕೆ ಬರಲಿಲ್ಲ, ಮಂಡಿನೋವು ಬಿಡಲಿಲ್ಲ. ಇತ್ತ ಒಂದು ತಿಂಗಳಿಗೆಂದು ಶುರುವಾದ ಆಟ ವರ್ಷವಿಡೀ ಪ್ರತಿ ಶನಿವಾರದ್ದಾಯಿತು. ಶನಿವಾರ ಸಂಜೆ ಫೋನ್ ಮಾಡಿದರೆ ಅಜ್ಜಿಯ ಮೊದಲ ಮಾತೇ “ಇವತ್ತು ಯಾರು ಗೆದ್ರು?” ಎರಡು ವರ್ಷ ಕಳೆದ ಮೇಲೆ ಮಾರಿಸೊಲ್ ಆಂಟಿಯ ಗಂಡನ ಕೆಲಸ ಮುಗಿದು ಅವರು ಹೊರಟುಹೋದರು. ಆಟ ನಿಂತಿತು. ಅದನ್ನು ಅಜ್ಜಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ವಾರಕ್ಕೊಂದು ಹೆಸರು ಹುಟ್ಟಿಸಿದೆ, ವಾರಕ್ಕೊಂದು ಜಗಳ, ಕೊನೆಯ ಕಾಳಿಗಾಗಿ ಒದ್ದಾಡಿದ ವಾರಕ್ಕೊಂದು ಮಗು. ಅಜ್ಜಿ “ಹೌದಾ! ಆಮೇಲೆ?” ಎನ್ನುತ್ತಿದ್ದಳು. ನನ್ನ ಹದಿನಾಲ್ಕನೇ ವರ್ಷದಲ್ಲಿ ಅವಳು ತೀರಿಕೊಂಡಳು. ಸುಳ್ಳು ಹೇಳಿದೆನಲ್ಲಾ ಎಂದು ಅಮ್ಮನ ಮುಂದೆ ಅತ್ತಾಗ ಅಮ್ಮ ನನ್ನ ತಲೆ ಸವರಿದಳು. “ಮಾರಿಸೊಲ್ ಹೊರಟ ವಾರವೇ ನಾನು ಅತ್ತೆಗೆ ಹೇಳಿಬಿಟ್ಟಿದ್ದೆ ಕಣೆ. ‘ನನಗೆ ಗೊತ್ತು ಅಂತ ಪುಟ್ಟಿಗೆ ಹೇಳ್ಬೇಡ. ಅವಳು ಹೇಳ್ತಾ ಇರ್ಲಿ, ನಾನು ಕೇಳ್ತಾ ಇರ್ತೀನಿ’ ಅಂದ್ರು.” ಹಾಗಾದರೆ ಆ ಎರಡು ವರ್ಷ ನಾನು ಗೆಲ್ಲಿಸಿದ ಮಕ್ಕಳಲ್ಲಿ ಒಬ್ಬರೂ ಇಲ್ಲವೆಂದು ತಿಳಿದೇ ಅವಳು ಒಬ್ಬೊಬ್ಬರ ಗೆಲುವಿಗೂ ಖುಷಿಪಟ್ಟಿದ್ದಳು. ಈಗಲೂ ಶನಿವಾರ ಸಂಜೆ ನನ್ನ ಬಳಿ ಅಜ್ಜಿಗೆ ಹೇಳುವುದಕ್ಕೆ ಏನಾದರೂ ಇದ್ದೇ ಇರುತ್ತದೆ.