ಮೂಗು ಕೈಕೊಟ್ಟ ಮೇಲೆ

ಆ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಒಲೆ ಮುಂದೆ ನಿಂತ ಅಡುಗೆಯಾಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಬಂದ ಮೀನು, ಮಾಂಸ, ಹಾಲು, ಯಾವುದೇ ಇರಲಿ, ಅಕ್ಕ ಮೂಸಿ ನೋಡಿ ಹೂಂ ಅಂದ ಮೇಲೆಯೇ ಒಳಗೆ ಹೋಗಬೇಕು. "ಅಕ್ಕನ ಮೂಗಿಗೆ ಬೇರೆ ಸಂಬಳ ಕೊಡ್ಬೇಕು" ಎಂದು ಮಾಲೀಕ ನಗುತ್ತಿದ್ದ.

ಚಳಿಗಾಲದಲ್ಲಿ ಅವಳಿಗೆ ಒಂದು ವಾರ ಜ್ವರ ಕಾಯಿತು. ಹೋಗುವಾಗ ಜ್ವರ ವಾಸನೆಯನ್ನೂ ಕರೆದುಕೊಂಡು ಹೋಯಿತು. ಈರುಳ್ಳಿ ಸೀದದ್ದು ಹೊಗೆ ಕಂಡಾಗಲೇ ತಿಳಿಯಿತು. ಡಾಕ್ಟರು "ಬಂದ್ರೆ ಬರಬಹುದು" ಎಂದರು, ಅಷ್ಟೇ. ಗಂಡ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದು ಎರಡು ವರ್ಷ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಹೇಳಿದರೆ ಕೆಲಸ ಹೋಗುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡಳು. ದಿನಾ ಬುಟ್ಟಿಯ ಮೇಲೆ ಬಗ್ಗುವಳು, ಉಸಿರೆಳೆಯುವಳು, ಹೂಂ ಎನ್ನುವಳು.

ಒಂದು ಶನಿವಾರ ಮೀನು ತಿಂದ ಒಂಬತ್ತು ಮಂದಿ ಆಸ್ಪತ್ರೆ ಸೇರಿದರು. ಮೀನು ಹೆಚ್ಚುವಾಗಲೇ ಅಕ್ಕನ ಕೈಯಾಳಿಗೆ ಅನುಮಾನ ಬಂದಿತ್ತಂತೆ. ಅಕ್ಕ ಹೂಂ ಅಂದ ಮೇಲೆ ಇನ್ನೇನು ಎಂದು ಸುಮ್ಮನಾಗಿದ್ದ. ಎಂಟು ಮಂದಿ ಎದ್ದು ಕೂತರು. ಒಬ್ಬ ಮುದುಕಿ ಮಾತ್ರ ಪ್ರಜ್ಞೆಯಿಲ್ಲದೆ ಅಲ್ಲೇ ಉಳಿದಳು. ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಿಲ್ಲವೆಂದು ಮಾಲೀಕ ಉಗ್ರಾಣದವನ ತಲೆಗೆ ತಪ್ಪು ಕಟ್ಟಿ ಮನೆಗೆ ಕಳಿಸಿದ.

"ಅಕ್ಕಾ, ನೀವಾದ್ರೂ ಹೇಳಿ. ಬಾಗಿಲು ಹಾಕಿದ್ದೆ ತಾನೇ?" ಎಂದು ಹೊರಡುವಾಗ ಅವನು ಕೇಳಿದ.

ಅವಳು ತಲೆ ಎತ್ತದೆ ಸೌಟು ಆಡಿಸುತ್ತಲೇ ಇದ್ದಳು.

ಮರುವಾರ ಅಧಿಕಾರಿಗಳ ಆದೇಶದಂತೆ ಎಲ್ಲರಿಗೂ ಆಹಾರ ಸುರಕ್ಷತೆಯ ತರಬೇತಿ. ಪಾಠ ಹೇಳಲು ಬಂದ ಮೇಡಂ ಮೀನಿದ್ದ ಎರಡು ಡಬ್ಬಿ ಇಟ್ಟು, "ಇದರಲ್ಲಿ ಯಾವುದು ಕೆಟ್ಟಿದೆ?" ಎಂದರು.

"ನಮ್ಮಕ್ಕ ಇರುವಾಗ ಬೇರೆಯವರು ಯಾಕೆ?" ಎಲ್ಲರೂ ಅವಳನ್ನೇ ಮುಂದೆ ತಳ್ಳಿದರು.

ಮೊದಲ ಡಬ್ಬಿ ತೆರೆದಳು. ಏನೂ ಇಲ್ಲ. ಎರಡನೆಯದು. ಅಲ್ಲೂ ಏನೂ ಇಲ್ಲ. ಎರಡನೆಯದನ್ನು ಎತ್ತಿ, "ಇದು ಚೆನ್ನಾಗಿದೆ" ಎಂದಳು. ಹಿಂದಿನ ಸಾಲಿನಲ್ಲಿ ಕೂತವರು ಕೂಡ ಮೂಗು ಮುಚ್ಚಿಕೊಂಡಿದ್ದರು.

"ತಮಾಷೆ ಮಾಡ್ತಿದ್ದೀರಾ ಅಕ್ಕಾ?" ಎಂದ ಕೈಯಾಳು.

"ಇಲ್ಲಪ್ಪ. ನನಗೆ ವಾಸನೇನೇ ಬರಲ್ಲ. ಎಂಟು ತಿಂಗಳಾಯ್ತು. ಆ ಮೀನು ಒಳಗೆ ಬಿಟ್ಟಿದ್ದು ನಾನು. ಪಾಪ, ಉಗ್ರಾಣದವನದೇನೂ ತಪ್ಪಿಲ್ಲ."

ಮೇಡಂ ಡಬ್ಬಿಗಳನ್ನು ಮುಚ್ಚಿ ಮೆಲ್ಲಗೆ, "ಎಷ್ಟೋ ರೋಗದ ಕ್ರಿಮಿಗೆ ವಾಸನೆಯೇ ಇರಲ್ಲಮ್ಮ. ಎಷ್ಟು ತಣ್ಣಗಿದೆ, ಎಷ್ಟು ಬೆಂದಿದೆ ಅಂತ ಥರ್ಮಾಮೀಟರ್ ಇಟ್ಟು ನೋಡಬೇಕು. ಎಂಥ ಮೂಗನ್ನೂ ನಂಬಬಾರದು" ಎಂದರು. ಸಮಾಧಾನಕ್ಕೆಂದೇ ಹೇಳಿದ್ದರೇನೋ. ಅವಳ ಮನಸ್ಸು ಮಾತ್ರ ಹತ್ತೊಂಬತ್ತು ವರ್ಷ ಹಿಂದಕ್ಕೆ ಓಡಿತು. ಹಾಗಾದರೆ ಮೂಗು ನೆಟ್ಟಗಿದ್ದಾಗಲೂ ಯಾರ್ಯಾರಿಗೆ ಏನೇನು ಬಡಿಸಿದೆನೋ!

ಉಗ್ರಾಣದವನು ಕೆಲಸಕ್ಕೆ ಮರಳಿದ, ಅವಳೊಡನೆ ಮಾತು ಬಿಟ್ಟ. ಮಾಲೀಕ ಅವಳನ್ನು ಪಾತ್ರೆ ತೊಳೆಯಲು ಹಾಕಿದ. ಸಂಜೆ ಆಸ್ಪತ್ರೆಗೆ ಹೋಗಿ ಮುದುಕಿಯ ಮಗಳ ಮುಂದೆ ನಿಂತಳು.

"ಯಾರು ನೀವು?"

"ಆವತ್ತು ಅಡುಗೆ ಮಾಡಿದವಳು."

ಮಗಳು ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅಕ್ಕ ಗೋಡೆಗೊರಗಿ ನಿಂತೇ ಇದ್ದಳು. ಮರುದಿನವೂ ಹೋದಳು. ಮೂರನೆಯ ಸಂಜೆ ಮಗಳು ಬಾಗಿಲಲ್ಲೇ ಎದುರಾಗಿ, "ಇನ್ನು ಬರೋದು ಬೇಡ. ಅಮ್ಮ ಹೋಗಿಬಿಟ್ರು" ಎಂದಳು.